ಪರರ ಪೇಚು, ನಮ್ಮ ನಗೆ

ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿ ಬಿದ್ದವನನ್ನು ಕಂಡು ನಗದವರು ವಿರಳ. ಬಿದ್ದವನಿಗೆ ಪೆಟ್ಟಾಗಲಿಲ್ಲವೆಂದು ತಿಳಿದ ಮೇಲಂತೂ ಆ ನಗೆಗೆ ಅಡ್ಡಿಯೇ ಇರದು. ಅವನನ್ನು ಬೀಳಿಸಿದ್ದು ಯಾವುದೆಂಬ ವಿಷಯದಲ್ಲಿ ಸಂದೇಹವಿಲ್ಲ. ಘರ್ಷಣೆ ಸಾಲದಾಯಿತು, ಗುರುತ್ವಾಕರ್ಷಣೆ ತನ್ನ ಕೆಲಸವನ್ನು ಮಾಡಿತು. ಆದರೆ ಮನುಷ್ಯನು ಬೀಳುವುದು ನೆಲದ ಮೇಲೆ ಮಾತ್ರವಲ್ಲ. ತುಂಬಿದ ಸಭೆಯಲ್ಲಿ ಆಡಬಾರದ ಮಾತನ್ನಾಡಿ, ಸಾವಿನ ಮನೆಯಲ್ಲಿ ಕೇಳಬಾರದ ಪ್ರಶ್ನೆಯನ್ನು ಕೇಳಿ, ಉಡುಗೊರೆ ಕೊಟ್ಟವರ ಎದುರಿಗೇ ಅದರ ಬೆಲೆಯನ್ನು ವಿಚಾರಿಸಿ ಬೀಳುವವರೂ ಉಂಟು. ಈ ಬಗೆಯ ಪತನದ ನಿಯಮಗಳನ್ನು ಯಾವ ಗ್ರಂಥದಲ್ಲಿಯೂ ಪೂರ್ಣವಾಗಿ ಬರೆದಿಟ್ಟಿಲ್ಲ. ಆದರೂ ನಿಯಮವು ಮುರಿದ ಕ್ಷಣವೇ ಅಲ್ಲಿರುವವರಿಗೆಲ್ಲ ಅದು ಗೊತ್ತಾಗುತ್ತದೆ. ಎಷ್ಟೋ ಸಲ ಬಿದ್ದವನಿಗಿಂತ ಸುತ್ತಲಿದ್ದವರೇ ಹೆಚ್ಚು ಬೆವರುತ್ತಾರೆ.

ಕಳೆದ ಕಾಲು ಶತಮಾನದಲ್ಲಿ, ಈ ಎರಡನೆಯ ಬಗೆಯ ಪತನವನ್ನೇ ಬಂಡವಾಳವಾಗಿ ಮಾಡಿಕೊಂಡ ಒಂದು ಹಾಸ್ಯಪ್ರಕಾರವು ಪಾಶ್ಚಾತ್ಯ ಟೆಲಿವಿಷನ್ನಿನಲ್ಲಿ ಬೆಳೆದು ಬಂದಿದೆ. ಅದನ್ನು ನೋಡುವವರು ನಗುತ್ತಾರೆ. ಜೊತೆಗೆ ಮುಖವನ್ನೂ ಮುಚ್ಚಿಕೊಳ್ಳುತ್ತಾರೆ. ಕೆಲವರು ನೋಡಲಾರದೆ ಕೊಠಡಿಯನ್ನೇ ಬಿಟ್ಟು ಹೊರಡುತ್ತಾರೆ. ಆಮೇಲೆ ಏನಾಯಿತೆಂದು ತಿಳಿಯಲು ಮತ್ತೆ ಒಳಗೆ ಬರುತ್ತಾರೆ. ನೋವನ್ನು ಹಣ ಕೊಟ್ಟು ಕೊಳ್ಳುವ ಈ ವಿಚಿತ್ರ ವ್ಯಾಪಾರದ ಮರ್ಮವೇನು? ಅದನ್ನು ಇಲ್ಲಿ ಪರಿಶೀಲಿಸೋಣ.

ಬರೆಯದೆ ಬಿಟ್ಟ ಮಾತುಗಳು

ಈ ಪ್ರಕಾರದ ಅತ್ಯಂತ ಪ್ರಸಿದ್ಧ ಉದಾಹರಣೆ ಅಮೆರಿಕದ ಎಚ್‌ಬಿಒ ಸಂಸ್ಥೆಯು ಪ್ರಸಾರ ಮಾಡಿದ ‘ಕರ್ಬ್ ಯುವರ್ ಎಂಥೂಸಿಯಾಸಂ’ ಎಂಬ ಮಾಲಿಕೆ. ‘ನಿಮ್ಮ ಉತ್ಸಾಹಕ್ಕೆ ಕಡಿವಾಣ ಹಾಕಿರಿ’ ಎಂಬುದು ಆ ಹೆಸರಿನ ಅರ್ಥ. 2000ದಲ್ಲಿ ಆರಂಭವಾಗಿ 2024ರ ಏಪ್ರಿಲ್‌ನಲ್ಲಿ ಮುಗಿಯುವವರೆಗೆ ಇದು 12 ಋತುಗಳಲ್ಲಿ 120 ಕಂತುಗಳನ್ನು ಕಂಡಿತು. ಇದರ ಕರ್ತೃ ಲ್ಯಾರಿ ಡೇವಿಡ್. 1989ರಿಂದ 1998ರವರೆಗೆ ನಡೆದ ‘ಸೈನ್‌ಫೆಲ್ಡ್’ ಎಂಬ ಜನಪ್ರಿಯ ಹಾಸ್ಯಮಾಲಿಕೆಯನ್ನು ಜೆರ‍್ರಿ ಸೈನ್‌ಫೆಲ್ಡ್‌ನೊಡನೆ ಸೇರಿ ಸೃಷ್ಟಿಸಿದವನು ಈತನೇ. ಹೊಸ ಮಾಲಿಕೆಯಲ್ಲಿ ಅವನು ತನ್ನ ಹೆಸರನ್ನೇ ಇಟ್ಟುಕೊಂಡ ಒಂದು ಪಾತ್ರವನ್ನು ವಹಿಸಿದ. ಲಾಸ್ ಏಂಜಲಿಸ್ ನಗರದಲ್ಲಿ ವಾಸಿಸುವ ಈ ಲ್ಯಾರಿಗೆ ಹಣಕಾಸಿನ ಚಿಂತೆಯಿಲ್ಲ. ಅವನಿಗೆ ಇಲ್ಲದುದು ಒಂದೇ ವಸ್ತು, ದಾಕ್ಷಿಣ್ಯ.

ಅಲ್ಲಿಯ ಘಟನೆಗಳು ಎಷ್ಟು ಕ್ಷುಲ್ಲಕವೆಂಬುದನ್ನು ಒಂದೆರಡು ನಿದರ್ಶನಗಳಿಂದ ತಿಳಿಯಬಹುದು. ಐಸ್‌ಕ್ರೀಮ್ ಅಂಗಡಿಯಲ್ಲಿ ಒಬ್ಬ ಮಹಿಳೆ ಒಂದಾದ ಮೇಲೊಂದು ರುಚಿಯ ಮಾದರಿಯನ್ನು ಕೇಳಿ ಚಪ್ಪರಿಸುತ್ತಾಳೆ. ಹಿಂದಿನ ಸಾಲು ಬೆಳೆಯುತ್ತದೆ. ಎಲ್ಲರೂ ಸುಮ್ಮನಿದ್ದಾರೆ, ಲ್ಯಾರಿ ಸುಮ್ಮನಿರಲಾರ. ಸಾಲಿನ ಮುಂಭಾಗದಲ್ಲಿರುವ ಪರಿಚಿತರೊಡನೆ ಮಾತು ತೆಗೆದು ಮೆಲ್ಲಗೆ ಅಲ್ಲಿಯೇ ನುಸುಳಿಕೊಳ್ಳುವವರನ್ನು ನಾವೆಲ್ಲ ಕಂಡಿದ್ದೇವೆ; ಲ್ಯಾರಿ ಅದನ್ನು ಹಿಡಿದು, ಅದಕ್ಕೊಂದು ಹೆಸರನ್ನಿಟ್ಟು, ಎಲ್ಲರೆದುರು ಸಾರುತ್ತಾನೆ. 2001ರ ಒಂದು ಕಂತಿನಲ್ಲಿ, ಹ್ಯಾಲೋವೀನ್ ಹಬ್ಬದ ರಾತ್ರಿ ಇಬ್ಬರು ಹುಡುಗಿಯರು ಮಿಠಾಯಿ ಕೇಳಲು ಅವನ ಮನೆಗೆ ಬರುತ್ತಾರೆ. ವೇಷ ಕಟ್ಟಿದ ಮಕ್ಕಳಿಗೆ ಮಿಠಾಯಿ ಕೊಡುವುದು ಅಲ್ಲಿಯ ಪದ್ಧತಿ. ಇವರಾದರೋ ವೇಷವಿಲ್ಲದವರು, ವಯಸ್ಸಿಗೂ ಬಂದವರು. ಕೊಡುವುದಿಲ್ಲವೆಂದು ಲ್ಯಾರಿ ಬಾಗಿಲು ಹಾಕಿಕೊಳ್ಳುತ್ತಾನೆ. ತರ್ಕದಲ್ಲಿ ಅವನದೇನೂ ತಪ್ಪಿಲ್ಲ. ಆದರೆ ಬೆಳಗಾಗುವ ವೇಳೆಗೆ ಮನೆಯ ಅಂದ ಕೆಟ್ಟಿರುತ್ತದೆ. ಅವನ ಬೋಳುತಲೆಯನ್ನು ಹೀಯಾಳಿಸುವ ಬರಹವೂ ಕಾಣಿಸಿಕೊಂಡಿರುತ್ತದೆ.

ಈ ಮಾಲಿಕೆಯನ್ನು ತಯಾರಿಸಿದ ಕ್ರಮವೇ ವಿಶಿಷ್ಟ. ಪ್ರತಿಯೊಂದು ಕಂತಿಗೂ ಸುಮಾರು ಏಳು ಪುಟಗಳ ಒಂದು ರೂಪರೇಖೆ ಮಾತ್ರ ಸಿದ್ಧವಾಗುತ್ತಿತ್ತು. ದೃಶ್ಯಗಳ ಅನುಕ್ರಮ, ಯಾವ ಪಾತ್ರಕ್ಕೆ ಏನು ಬೇಕು, ಜಗಳವು ಎಲ್ಲಿಗೆ ಮುಟ್ಟಬೇಕು, ಇಷ್ಟೂ ಅದರಲ್ಲಿ ನಿಶ್ಚಿತ. ಆದರೆ ಸಂಭಾಷಣೆಯನ್ನು ಬರೆಯುತ್ತಿರಲಿಲ್ಲ. ನಟರು ಕ್ಯಾಮೆರಾದ ಮುಂದೆ ನಿಂತು, ಎದುರಾಳಿಯ ಮಾತನ್ನು ಕೇಳಿ, ತಮ್ಮ ಮಾತನ್ನು ಆ ಕ್ಷಣದಲ್ಲಿಯೇ ಹುಟ್ಟಿಸಬೇಕು. ಒಂದೇ ದೃಶ್ಯವನ್ನು ಹಲವು ಸಲ ಚಿತ್ರಿಸಿ, ಆಮೇಲೆ ಬೇಕಾದುದನ್ನು ಆರಿಸಿ ಜೋಡಿಸುತ್ತಿದ್ದರು. ನಮ್ಮ ಯಕ್ಷಗಾನದ ಅರ್ಥಧಾರಿಗಳಿಗೆ ಆಶುವಾಗಿ ಮಾತನ್ನು ಬೆಳೆಸುವ ಕಲೆ ಹೊಸದಲ್ಲ. ಟೆಲಿವಿಷನ್ನಿನಲ್ಲಿ ಅದು ಅಪರೂಪ.

ಈ ಕ್ರಮಕ್ಕೂ ನೋಡುವವರ ಮುಜುಗರಕ್ಕೂ ಏನು ಸಂಬಂಧ? ಉತ್ತರವು ಸಂಭಾಷಣೆಯ ಕಾಲಮಾಪನದಲ್ಲಿದೆ. ಹತ್ತು ಭಾಷೆಗಳ ದಿನಬಳಕೆಯ ಮಾತನ್ನು ಹೋಲಿಸಿ ನೋಡಿದ ಒಂದು ಸಂಶೋಧನೆ 2009ರಲ್ಲಿ ಪ್ರಕಟವಾಯಿತು. ಒಬ್ಬನ ಪ್ರಶ್ನೆ ಮುಗಿದು ಇನ್ನೊಬ್ಬನ ಉತ್ತರ ಆರಂಭವಾಗುವ ನಡುವಿನ ಅಂತರ ಸರಾಸರಿಯಲ್ಲಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟೆಂದು ಅದರಿಂದ ತಿಳಿದುಬಂತು. ಒಂದೇ ಒಂದು ಪದವನ್ನು ಮನಸ್ಸಿನಲ್ಲಿ ಹುಡುಕಿ ನಾಲಿಗೆಗೆ ತರುವುದಕ್ಕೆ ಇದರ ಸುಮಾರು ಮೂರರಷ್ಟು ಕಾಲ ಬೇಕು. ಆದುದರಿಂದ, ಎದುರಿನವರ ಮಾತು ಮುಗಿಯುವ ಮೊದಲೇ ನಾವು ಅದರ ಅಂತ್ಯವನ್ನು ಊಹಿಸಿ ಉತ್ತರವನ್ನು ಸಿದ್ಧಪಡಿಸಿಕೊಳ್ಳುತ್ತಿರುತ್ತೇವೆ. ಇಷ್ಟು ಸೂಕ್ಷ್ಮವಾದ ಗಡಿಯಾರ ನಮ್ಮೊಳಗೆ ಇರುವುದರಿಂದಲೇ ಅಲ್ಪ ವಿಳಂಬವೂ ನಮಗೆ ಅರ್ಥಪೂರ್ಣವಾಗುತ್ತದೆ. ನೆದರ್‌ಲೆಂಡ್ಸ್‌ನ ಸಂಶೋಧಕರು 2011ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಸಂಭಾಷಣೆಯ ಮಧ್ಯೆ ನಾಲ್ಕೇ ಸೆಕೆಂಡುಗಳ ಒಂದು ಮೌನವಿದ್ದರೂ ಅದರಲ್ಲಿ ತಾವಿದ್ದೇವೆಂದು ಭಾವಿಸಿಕೊಂಡು ನೋಡಿದವರಿಗೆ, ತಮ್ಮನ್ನು ಹೊರಗಿಟ್ಟಂತೆ ಅನ್ನಿಸಿತು.

ಬಾಯಿಪಾಠ ಮಾಡಿದ ನಟನಿಗೆ ಎದುರಿನ ಮಾತು ಮೊದಲೇ ಗೊತ್ತು. ಅವನ ಮೌನವೂ ಅಳೆದು ಇಟ್ಟದ್ದು. ಆಶುಭಾಷಣದಲ್ಲಿಯಾದರೋ ತಡವರಿಕೆ, ಒಬ್ಬರ ಮೇಲೊಬ್ಬರು ಬೀಳುವ ಮಾತು, ಅರ್ಧಕ್ಕೆ ನಿಂತ ವಾಕ್ಯ ಎಲ್ಲವೂ ನೈಜ. ಕಥೆ ಕಲ್ಪಿತವೆಂದು ನಮ್ಮ ಬುದ್ಧಿಗೆ ಗೊತ್ತಿದ್ದರೂ ಒಳಗಿನ ಗಡಿಯಾರವು ಅದನ್ನು ನಿಜವೆಂದೇ ಓದುತ್ತದೆ.

ಕಾಣದ ಗೋಡೆಗಳು

ಮುಜುಗರವನ್ನು ಗಂಭೀರವಾದ ಅಧ್ಯಯನದ ವಿಷಯವನ್ನಾಗಿ ಮಾಡಿದವರಲ್ಲಿ ಸಮಾಜವಿಜ್ಞಾನಿ ಅರ್ವಿಂಗ್ ಗಾಫ್‌ಮನ್ ಪ್ರಮುಖ. ನಾಲ್ವರೆದುರು ನಾವು ಪ್ರತಿಯೊಬ್ಬರೂ ಒಂದು ಪಾತ್ರವನ್ನು ನಿರ್ವಹಿಸುತ್ತಿರುತ್ತೇವೆ. ಆ ಪಾತ್ರ ಕಳಚಿದಾಗ ಮುಜುಗರ ಉಂಟಾಗುತ್ತದೆ ಎಂದು ಆತ 1956ರ ಲೇಖನವೊಂದರಲ್ಲಿ ವಿವರಿಸಿದ. ಇಲ್ಲಿ ಗಮನಿಸಬೇಕಾದುದೇನೆಂದರೆ, ಒಬ್ಬನ ಪಾತ್ರ ಕಳಚದಂತೆ ನೋಡಿಕೊಳ್ಳುವ ಹೊಣೆ ಉಳಿದವರ ಮೇಲೂ ಇರುತ್ತದೆ. ಅತಿಥಿಯು ನೀರು ಚೆಲ್ಲಿದರೆ ಆತಿಥೇಯನು ಕಾಣದಂತಿರುವುದು ಈ ಒಪ್ಪಂದದ ಫಲವೇ.

ಈ ಒಪ್ಪಂದ ಎಷ್ಟು ಬಲವಾದುದೆಂಬುದನ್ನು ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1970ರ ದಶಕದ ಆದಿಯಲ್ಲಿ ಪರೀಕ್ಷಿಸಿದ. ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕುಳಿತಿರುವ ಅಪರಿಚಿತರ ಬಳಿಗೆ ಹೋಗಿ, ಯಾವ ಕಾರಣವನ್ನೂ ಹೇಳದೆ, ‘ದಯವಿಟ್ಟು ನಿಮ್ಮ ಜಾಗವನ್ನು ನನಗೆ ಬಿಟ್ಟುಕೊಡುವಿರಾ?’ ಎಂದು ಕೇಳುವಂತೆ ತನ್ನ ವಿದ್ಯಾರ್ಥಿಗಳಿಗೆ ಸೂಚಿಸಿದ. ಫಲಿತಾಂಶವು ಅನಿರೀಕ್ಷಿತ: ಶೇಕಡಾ 68ರಷ್ಟು ಮಂದಿ ಎದ್ದು ಅಥವಾ ಸರಿದು ಜಾಗ ಕೊಟ್ಟರು. ಆದರೆ ಅದಕ್ಕಿಂತ ಸ್ವಾರಸ್ಯವಾದುದು ಕೇಳಿದವರ ಅವಸ್ಥೆ. ಇಷ್ಟು ಸರಳವಾದ ಪ್ರಶ್ನೆಯನ್ನು ಕೇಳುವುದು ಅವರಿಗೆ ಮಹಾ ಕಷ್ಟವಾಯಿತು. ಇದೇಕೆ ಹೀಗೆಂದು ಮಿಲ್‌ಗ್ರಾಂ ತಾನೇ ಹೋಗಿ ಪ್ರಯತ್ನಿಸಿದ. ಮಾತು ಗಂಟಲಲ್ಲಿಯೇ ಸಿಕ್ಕಿಕೊಂಡಿತು. ಹೇಗೋ ಕೇಳಿ ಜಾಗವನ್ನು ಪಡೆದು ಕುಳಿತ ಮೇಲೆ, ಆ ಬೇಡಿಕೆಗೆ ಒಂದು ಸಮರ್ಥನೆ ಬೇಕೆನಿಸಿ ಅವನ ತಲೆ ತಾನಾಗಿ ಮೊಣಕಾಲುಗಳ ನಡುವೆ ಬಾಗಿತು, ಮುಖ ಬಿಳಿಚಿತು. ಅದು ನಟನೆಯಲ್ಲವೆಂದು ಆತ ಆಮೇಲೆ ಹೇಳಿದ. ವಿದ್ಯುತ್ ಬೇಲಿಯು ನೋಡುವುದಕ್ಕೆ ಬರಿಯ ತಂತಿ. ಮುಟ್ಟಿದವನಿಗೆ ಮಾತ್ರ ಅದರ ಬಲ ಗೊತ್ತು.

ಲ್ಯಾರಿಯೆಂಬ ಪಾತ್ರವು ಈ ತಂತಿಯನ್ನು ನಮ್ಮ ಪರವಾಗಿ ಮುಟ್ಟುತ್ತದೆ. ಮಿಲ್‌ಗ್ರಾಂನಿಗೆ ಒಮ್ಮೆ ಮಾಡುವುದಕ್ಕೆ ಕಷ್ಟವಾದುದನ್ನು ಅವನು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಮಾಡುತ್ತಾನೆ, ಅದೂ ಮುಖ ಬಿಳಿಚದೆ. ಬಿಳಿಚಿಕೊಳ್ಳುವ ಕೆಲಸವನ್ನು ನೋಡುವವರಿಗೆ ಬಿಟ್ಟಿರುತ್ತಾನೆ.

ಪರರಿಗಾಗಿ ನಾಚುವುದು

ಪರರ ಪ್ರಮಾದಕ್ಕಾಗಿ ತಾನು ನಾಚುವ ಈ ಭಾವಕ್ಕೆ ಜರ್ಮನ್ ಭಾಷೆಯಲ್ಲಿ ‘ಫ್ರೆಮ್ಡ್‌ಶೇಮನ್’ ಎಂಬ ಪದವಿದೆ. 2010ರಲ್ಲಿ ಆಸ್ಟ್ರಿಯ ದೇಶವು ಅದನ್ನು ವರ್ಷದ ಪದವೆಂದು ಆರಿಸಿತು. ಕನ್ನಡದಲ್ಲಿ ‘ನೋಡಿದವರಿಗೇ ನಾಚಿಕೆಯಾಗುವಂತೆ’ ಎಂದು ಹೇಳುವಾಗ ನಾವು ಸೂಚಿಸುವುದೂ ಇದನ್ನೇ. ಜರ್ಮನಿಯ ಸಂಶೋಧಕರು 2011ರಲ್ಲಿ ಇಂಥ ಪ್ರಸಂಗಗಳ ಚಿತ್ರಗಳನ್ನು ತೋರಿಸಿ ವೀಕ್ಷಕರ ಮಿದುಳಿನ ಚಟುವಟಿಕೆಯನ್ನು ಅಳೆದರು. ಪರರ ದೈಹಿಕ ನೋವನ್ನು ಕಂಡಾಗ ಚುರುಕಾಗುವ ಕೆಲವು ಭಾಗಗಳೇ ಇಲ್ಲಿಯೂ ಚುರುಕಾದುದು ಕಂಡುಬಂತು. ಆ ಭಾಗಗಳು ಬೇರೆ ಕೆಲಸಗಳಲ್ಲಿಯೂ ತೊಡಗುವುದರಿಂದ, ನಾಚಿಕೆಯೂ ನೋವೂ ಒಂದೇ ಎಂದು ಇದರಿಂದ ತೀರ್ಮಾನಿಸಲಾಗದು. ಆದರೆ ಇನ್ನೊಂದು ಅಂಶ ಗಮನಾರ್ಹ: ಪೇಚಿಗೆ ಸಿಕ್ಕವನಿಗೆ ತನ್ನ ಸ್ಥಿತಿಯ ಅರಿವೇ ಇಲ್ಲದಿದ್ದರೂ ನೋಡುವವರು ನಾಚುತ್ತಾರೆ. ನಾವು ಅನುಭವಿಸುವುದು ಅವನ ಭಾವದ ಪ್ರತಿಬಿಂಬವನ್ನಲ್ಲ. ಆ ಸ್ಥಾನದಲ್ಲಿ ನಾವಿದ್ದರೆ ಏನಾಗುತ್ತಿತ್ತೋ ಅದನ್ನು.

ನೋವು ನಗೆಯಾಗುವ ಬಗೆ

ಹಾಗಾದರೆ ಈ ನೋವು ಸುಖವಾಗುವುದು ಹೇಗೆ? ಪರರ ಕೊರತೆಯನ್ನು ಕಂಡು ನಮ್ಮ ಹಿರಿಮೆ ಹೊಳೆದಾಗ ನಗೆ ಹುಟ್ಟುತ್ತದೆಂದು 17ನೆಯ ಶತಮಾನದ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಹೇಳಿದ್ದ. ಆದರೆ ಹಿರಿಮೆಯಿಂದ ನಗುವವನು ಬೆವರುವುದಿಲ್ಲ. ನಮ್ಮ ಸಮಸ್ಯೆಗೆ ಹೆಚ್ಚು ಹೊಂದುವ ವಿವರಣೆಯನ್ನು ಪೀಟರ್ ಮೆಗ್ರಾ ಮತ್ತು ಕೇಲೆಬ್ ವಾರನ್ ಎಂಬ ಸಂಶೋಧಕರು 2010ರಲ್ಲಿ ಮುಂದಿಟ್ಟರು. ಯಾವುದೋ ಒಂದು ಕಟ್ಟಳೆ ಮುರಿಯಬೇಕು. ಅದರಿಂದ ಹಾನಿಯಿಲ್ಲವೆಂಬ ಅರಿವೂ ಅದೇ ಕ್ಷಣದಲ್ಲಿ ಇರಬೇಕು. ಇವೆರಡೂ ಕೂಡಿದಲ್ಲಿ ನಗೆ. ಮೊದಲನೆಯದು ಮಾತ್ರವಿದ್ದರೆ ನೋವು, ಎರಡನೆಯದು ಮಾತ್ರವಿದ್ದರೆ ಬೇಸರ. ಲ್ಯಾರಿ ಕಟ್ಟಳೆಯನ್ನು ಮುರಿಯುತ್ತಾನೆ. ಪರದೆಯ ಅಂತರ, ಅವನ ಸಿರಿತನ, ಇಟಲಿಯ ಲೂಚಿಯಾನೊ ಮಿಕೆಲೀನಿ ರಚಿಸಿದ ಆ ತುಂಟ ಹಿನ್ನೆಲೆ ಸಂಗೀತ, ಇವು ಹಾನಿಯಿಲ್ಲವೆಂಬ ಭರವಸೆಯನ್ನು ಕೊಡುತ್ತವೆ. ಈ ಭರವಸೆ ಸಾಲದಾದವರೇ ಕೊಠಡಿಯಿಂದ ಏಳುವವರು.

ಇದನ್ನು ಭೌತವಿಜ್ಞಾನದ ಒಂದು ಹೋಲಿಕೆಯಿಂದಲೂ ವಿಶದಪಡಿಸಬಹುದು. ಬಟ್ಟಲಿನ ತಳದಲ್ಲಿರುವ ಗೋಲಿಯನ್ನು ಸ್ವಲ್ಪ ಸರಿಸಿದರೆ ಅದು ಆಚೀಚೆ ಉರುಳಾಡಿ ಸ್ವಸ್ಥಾನಕ್ಕೆ ಮರಳುತ್ತದೆ. ನಮ್ಮ ನಿತ್ಯಜೀವನದ ಪ್ರಮಾದಗಳು ಇಂಥವು. ಕೆಂಪಾದ ಮುಖ, ತಗ್ಗಿದ ಕಣ್ಣು, ಒಂದು ಕ್ಷಮೆಯ ಮಾತು, ಇವೇ ಮರಳಿಸುವ ಬಲಗಳು. ಬೋರಲು ಹಾಕಿದ ಬಟ್ಟಲಿನ ತುದಿಯ ಗೋಲಿಯಾದರೋ ಕೂದಲೆಳೆಯಷ್ಟು ಸರಿದರೂ ಉರುಳಿಯೇ ಹೋಗುತ್ತದೆ. ಲ್ಯಾರಿ ತಪ್ಪನ್ನು ಸರಿಪಡಿಸಲು ವಾದಿಸುತ್ತಾನೆ, ವಾದವು ಹೊಸ ತಪ್ಪಾಗುತ್ತದೆ, ಅದಕ್ಕೆ ಮತ್ತೊಂದು ವಾದ. ನಾಚಿಕೆಯೆಂಬ ಮರಳಿಸುವ ಬಲವನ್ನು ತೆಗೆದುಹಾಕಿದರೆ ಬಾಳು ಹೇಗಿರುತ್ತದೆಂಬ ಪ್ರಯೋಗವೇ ಈ ಮಾಲಿಕೆ.

ಹಾಗೆಂದು ಲ್ಯಾರಿ ಸದಾ ತಪ್ಪುಗಾರನಲ್ಲ. ಅರ್ಧಕ್ಕರ್ಧ ಸಂದರ್ಭಗಳಲ್ಲಿ ನ್ಯಾಯ ಅವನ ಕಡೆಗೇ ಇದೆ. ‘ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ’ ಎಂಬ ಗಾದೆಯನ್ನು ಕಟ್ಟಿದ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ನಾವು ನುಂಗಿಕೊಂಡ ಮಾತನ್ನು ಅವನು ಆಡುತ್ತಾನೆ. ಆಡಿದರೆ ತೆರಬೇಕಾದ ದಂಡವನ್ನೂ ಅವನೇ ತೆರುತ್ತಾನೆ. ಒಂದೇ ಸಮಯದಲ್ಲಿ ನಮಗೆ ಬಿಡುಗಡೆಯೂ ದೊರೆಯುತ್ತದೆ, ಸುಮ್ಮನಿದ್ದುದೇ ಲೇಸಾಯಿತೆಂಬ ಸಮಾಧಾನವೂ ದೊರೆಯುತ್ತದೆ.

ನಾಚಿಕೆಯ ಬೆಲೆ

ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ ಭಾವಾಭಿವ್ಯಕ್ತಿಯ ಗ್ರಂಥದಲ್ಲಿ, ಮುಖ ಕೆಂಪೇರುವುದು ಮನುಷ್ಯನಿಗೇ ವಿಶಿಷ್ಟವಾದ ಲಕ್ಷಣವೆಂದು ಹೇಳಿ ಒಂದು ಪೂರ್ಣ ಅಧ್ಯಾಯವನ್ನು ಅದಕ್ಕೆ ಮೀಸಲಿಟ್ಟ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಲಕ್ಷಣಕ್ಕೆ ಹೊಸ ಬೆಳಕನ್ನು ಚೆಲ್ಲಿದೆ. ತಮ್ಮ ಪ್ರಮಾದವನ್ನು ಹೇಳಿಕೊಳ್ಳುವಾಗ ಹೆಚ್ಚು ಮುಜುಗರವನ್ನು ತೋರಿದವರು ಹಣ ಹಂಚುವ ಪ್ರಯೋಗಗಳಲ್ಲಿ ಹೆಚ್ಚು ಉದಾರಿಗಳಾಗಿದ್ದರು. ಅವರನ್ನು ನೋಡಿದ ಅಪರಿಚಿತರೂ ಅವರನ್ನೇ ಹೆಚ್ಚಾಗಿ ನಂಬಿದರು. ಸಭೆಯಲ್ಲಿ ತೊದಲಿ ರಾತ್ರಿಯೆಲ್ಲ ಅದನ್ನೇ ನೆನೆದು ನಿದ್ದೆಗೆಡುವ ಸಂಕೋಚದ ತರುಣ ತರುಣಿಯರಿಗೆ ಈ ಮಾತು ತಿಳಿದಿರಬೇಕು. ಅವರ ನಾಚಿಕೆ ದೌರ್ಬಲ್ಯದ ಚಿಹ್ನೆಯಲ್ಲ. ಇತರರೊಡನೆ ಬಾಳುವುದನ್ನು ಅವರು ಲಘುವಾಗಿ ಎಣಿಸಿಲ್ಲವೆಂಬುದಕ್ಕೆ ಸಾಕ್ಷಿ.

ಇಲ್ಲಿಯೇ ಒಂದು ಎಚ್ಚರಿಕೆಯೂ ಅವಶ್ಯ. ಮಾಲಿಕೆಯಲ್ಲಿ ಪೇಚಿಗೆ ಬೀಳುವವರೆಲ್ಲ ಸಂಬಳ ಪಡೆದ ನಟರು. ಕ್ಯಾಮೆರಾ ನಿಂತೊಡನೆ ಅವರ ಅವಮಾನವೂ ಮುಗಿಯುತ್ತದೆ. ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಒಂದು ಕ್ಯಾಮೆರಾ ಇದೆ. ಮದುವೆಯ ಮನೆಯಲ್ಲಿ ಎಡವಿದವರ, ವೇದಿಕೆಯ ಮೇಲೆ ಮಾತು ಮರೆತವರ ಚಿತ್ರಗಳು ಅವರ ಒಪ್ಪಿಗೆಯಿಲ್ಲದೆ ಫೋನಿನಿಂದ ಫೋನಿಗೆ ಹರಿಯುತ್ತವೆ. ನೋಡುವವರಿಗೆ ಎರಡೂ ಒಂದೇ ಬಗೆಯ ನಗೆಯನ್ನು ತರಿಸಬಹುದು. ಆದರೆ ಎರಡನೆಯದರಲ್ಲಿ ‘ಹಾನಿಯಿಲ್ಲ’ ಎಂಬ ಅರ್ಧಭಾಗವು ಸುಳ್ಳು. ಅಂಥ ಚಿತ್ರ ಕೈಗೆ ಬಂದಾಗ, ನಗುವ ಮೊದಲು ಅದರಲ್ಲಿರುವವರು ಇದನ್ನು ಒಪ್ಪಿದ್ದರೇ ಎಂದು ಕೇಳಿಕೊಂಡು, ಇಲ್ಲವೆಂದಾದರೆ ಅದನ್ನು ಮುಂದಕ್ಕೆ ಕಳಿಸದಿರುವುದು ಅತಿಥಿಯು ಚೆಲ್ಲಿದ ನೀರನ್ನು ಕಾಣದಂತಿರುವ ಹಳೆಯ ಸೌಜನ್ಯದ ಹೊಸ ರೂಪವಷ್ಟೆ.