ರಾಜನ ಕೋಟಿನ ಒಳಗೆ ಅಮ್ಮನ ಯೂನಿಫಾರ್ಮ್: ಪಟ್ಟದ ಗೊಂಬೆಗೆ ದರ್ಬಾರ್ ಉಡುಪು ಹೊಲಿಯೋದು ಹೇಗೆ?

(ಈ ವಾರದ ಸಂಚಿಕೆಯ ಬರಹ ರೂಪ)

ಮೈಸೂರಿನ ಮಂಡಕಳ್ಳಿಯಿಂದ ಮಾತಾಡ್ತಿದ್ದೀನಿ. ಆಡಿಯೋ ಕೇಳಿದವರಿಗೆ ಮಧ್ಯೆ ಒಂದು ಕಡೆ ಗುಂಯ್ ಅಂತ ದೊಡ್ಡ ಸದ್ದು ಬಂದಿರುತ್ತೆ. ಅದು ವಿಮಾನ. ಏರ್‌ಪೋರ್ಟ್ ಪಕ್ಕ ಮನೆ ಇದ್ರೆ ಅದೂ ಸಂಚಿಕೆಯ ಒಂದು ಭಾಗ, ಕ್ಷಮಿಸಿ.

ಇವತ್ತಿನ ವಿಷಯ, ಹಳೇ ಕಾಲದ ಉಡುಪನ್ನ ಮನೆಯಲ್ಲೇ ಹೊಲಿಯೋ ಹವ್ಯಾಸ. ಮೊದಲೇ ಒಂದು ತಪ್ಪೊಪ್ಪಿಗೆ ಇದೆ. ಹೋದ ವರ್ಷ ನವರಾತ್ರಿಗೆ ಎರಡು ವಾರ ಮುಂಚೆ ನಾನು ನಮ್ಮನೆ ಪಟ್ಟದ ರಾಣಿಯ ಸೀರೇನ ಸೋಪಿನ ಪುಡಿ ಹಾಕಿ ಒಗೆದುಬಿಟ್ಟೆ. ಹಳದಿ ರೇಷ್ಮೆ, ಕೆಂಪು ಅಂಚು. ಐದೇ ನಿಮಿಷ. ಅಂಚಿನ ಕೆಂಪೆಲ್ಲ ಹಳದಿಗೆ ಇಳಿದುಹೋಯ್ತು. ಆ ಬಟ್ಟೆ ಏನು ಅಂತ ಅಜ್ಜಿ ಹೇಳಿದ್ದು ಆಮೇಲೆ. ಅದಕ್ಕೆ ಕೊನೆಯಲ್ಲಿ ಬರ್ತೀನಿ.

ಪಟ್ಟದ ಗೊಂಬೆ ಗೊತ್ತಿಲ್ಲದವರಿಗೆ ಎರಡು ಮಾತು. ನವರಾತ್ರಿಯಲ್ಲಿ ಗೊಂಬೆ ಕೂರಿಸ್ತಾರಲ್ಲ, ಅದರಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂರೋ ಮರದ ರಾಜ-ರಾಣಿ ಜೋಡಿಯೇ ಪಟ್ಟದ ಗೊಂಬೆ. ಹಳೇ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಮಗಳ ಮದುವೆಗೆ ಈ ಜೋಡಿ ಕೊಟ್ಟು ಕಳಿಸ್ತಾರೆ. ಪ್ರತಿ ವರ್ಷ ಅದಕ್ಕೆ ಸಿಂಗಾರ ಆಗಬೇಕು: ರಾಣಿಗೆ ಸೀರೆ, ರಾಜನಿಗೆ ಕೋಟು, ಪೇಟ. ಅಂಗಡಿಯಲ್ಲಿ ರೆಡಿಮೇಡ್ ಸಿಗೋಕೆ ಮುಂಚೆ ಇದನ್ನೆಲ್ಲ ಮನೆ ಹೆಂಗಸರೇ ಸೂಜಿ ಹಿಡಿದು ಹೊಲೀತಿದ್ರು. ಅಂದ್ರೆ ಈಗ ಯೂಟ್ಯೂಬಲ್ಲಿ ‘ಹಿಸ್ಟಾರಿಕಲ್ ಕಾಸ್ಟ್ಯೂಮ್’ ಅಂತ ನಾವು ನೋಡೋ ಹವ್ಯಾಸವನ್ನ ನಮ್ಮ ಅಜ್ಜಿಯಂದಿರು ಹೆಸರಿಡದೆ ಮಾಡ್ಕೊಂಡು ಬಂದಿದ್ರು.

ಪ್ಯಾಟರ್ನ್ ಎಲ್ಲಿಂದ ತರೋದು?

ಹಳೇ ಉಡುಪು ಹೊಲಿಯೋರಿಗೆ ದೊಡ್ಡ ತಲೆನೋವು ಹೊಲಿಗೆಯಲ್ಲ, ಅಳತೆ. ಇಂಗ್ಲೆಂಡಿನ ಜಾನೆಟ್ ಆರ್ನಲ್ಡ್ ಅನ್ನೋ ವಿದ್ವಾಂಸೆ ಸಂಗ್ರಹಗಳಲ್ಲಿ ಉಳಿದಿದ್ದ ಹಳೇ ಉಡುಪುಗಳನ್ನ ಅಳೆದು, ಒಂದೊಂದು ತುಂಡನ್ನೂ ಕಾಗದದ ಮೇಲೆ ಬರೆದು, 1960ರ ದಶಕದಿಂದ ‘ಪ್ಯಾಟರ್ನ್ಸ್ ಆಫ್ ಫ್ಯಾಶನ್’ ಅಂತ ಪುಸ್ತಕಗಳನ್ನ ತಂದ್ರು. ಯುರೋಪಿನ ಗೌನು, ಕೋಟು ಹೊಲಿಯೋ ಹವ್ಯಾಸಿಗಳು ಇವತ್ತಿಗೂ ಅದನ್ನ ತೆರೀತಾರೆ. ಮೈಸೂರಿನ ದರ್ಬಾರ್ ಕೋಟಿಗೆ ಅಂಥದ್ದೊಂದು ನನ್ನ ಕೈಗೆ ಸಿಗಲಿಲ್ಲ. ಹಾಗಾಗಿ ಮೂರು ಕಡೆ ಹುಡುಕಿದೆ.

ಒಂದು, ಅರಮನೆ. ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ದೊಡ್ಡ ಚಿತ್ರಗಳಿವೆ. ನಾವೆಲ್ಲ ಸ್ಕೂಲ್ ಟ್ರಿಪ್‌ನಲ್ಲಿ ಆನೆ ನೋಡಿ ಮುಂದೆ ಹೋಗಿರ್ತೀವಿ. ಈ ಸಲ ಜನರ ಬಟ್ಟೆ ನೋಡಿ. ದರ್ಬಾರಿನ ಉಡುಪು ಅಂದ್ರೆ ಕಪ್ಪು ಉದ್ದ ಕೋಟು, ಬಿಳಿ ಪ್ಯಾಂಟು, ತಲೆಗೆ ಪೇಟ. ಕಾಲರ್ ಎಷ್ಟು ಎತ್ತರ, ಕೋಟು ಎಲ್ಲಿವರೆಗೆ ಬರುತ್ತೆ ಅನ್ನೋದಕ್ಕೆ ಇದೇ ಪಾಠ.

ಎರಡು, ಫೋಟೋ. ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ಇಲ್ಲದ ಸ್ಕೂಲು ನಮ್ಮ ಕಡೆ ಕಡಿಮೆ. 1912ರಿಂದ 1918ರವರೆಗೆ ದಿವಾನರಾಗಿದ್ದವರು. ಅವರ ಪೇಟದ ಫೋಟೋನ ದೊಡ್ಡದು ಮಾಡಿ ನೋಡಿ. ಬಟ್ಟೆಯ ಸುತ್ತು, ಜರಿ ಅಂಚು ಬಂದು ನಿಲ್ಲೋ ಜಾಗ ಎಲ್ಲ ಕಾಣುತ್ತೆ.

ಮೂರು, ಹಳೇ ಪೇಂಟಿಂಗ್. ಆದ್ರೆ ಇಲ್ಲಿ ಒಂದು ಎಚ್ಚರಿಕೆ ಬೇಕು. 1805ರಲ್ಲಿ ಥಾಮಸ್ ಹಿಕ್ಕಿ ಅನ್ನೋ ಕಲಾವಿದ ಬರೆದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಅವರು ಮೈಸೂರು ಅರಮನೆಯವರು, ಬಲಗಡೆ ಇರೋರು ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ರಾಣಿ ದೇವಜಮ್ಮಣ್ಣಿ ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆಯ ಪ್ರಚಾರಕ್ಕೆ ಬರೆಸಿದ ಚಿತ್ರ ಇದು, ಲಸಿಕೆ ಹಾಕಿದ ಜಾಗ ಕಾಣಲಿ ಅಂತ ರಾಣಿ ಎಡತೋಳಿನ ಮೇಲಿನ ಸೀರೆ ಸರಿಸಿ ನಿಂತಿದ್ದಾರೆ ಅನ್ನೋದು ಅವರ ವಾದ. ಇದು ಗೊತ್ತಿಲ್ಲದೆ ‘ಓ, 1805ರಲ್ಲಿ ಸೀರೆ ಹೀಗೆ ಉಡ್ತಿದ್ರು’ ಅಂತ ನಕಲು ಮಾಡಿದ್ರೆ ಎಡವಟ್ಟು. ಚಿತ್ರದಲ್ಲಿರೋರು ಪೋಸ್ ಕೊಡ್ತಿರ್ತಾರೆ, ನಮ್ಮ ಇನ್‌ಸ್ಟಾ ಫೋಟೋ ಥರಾನೇ. ದಿನಾ ಉಡೋದು ಬೇರೆ ಇರಬಹುದು.

ಹಾಗಾದ್ರೆ ನಿಜ ಯಾರು ಹೇಳ್ತಾರೆ? ಉಳಿದಿರೋ ಬಟ್ಟೆ. ಅದಿದ್ದಿದ್ದು ನಮ್ಮನೆ ಅಟ್ಟದ ಟ್ರಂಕಲ್ಲಿ, ಅಜ್ಜಿ ಹೊಲಿದ ರಾಜನ ಕೋಟಿನ ರೂಪದಲ್ಲಿ.

ಕೋಟಿನ ಗುಟ್ಟು

ರಾಣಿ ಸೀರೆ ಹಾಳಾದ ಮೇಲೆ ಕೋಟು ಮುಟ್ಟೋಕೆ ಭಯ ಆಯ್ತು. ಒಗೀಲಿಲ್ಲ, ಹೊಲಿಗೆ ಬಿಚ್ಚಲಿಲ್ಲ. ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ, ಕೋಟು ಮಲಗಿಸಿ, ಟೇಪಿನಲ್ಲಿ ಅಳೆದು ಬರ್ಕೊಂಡೆ. ಆಗ ಎರಡು ವಿಷಯ ಕಂಡಿತು.

ಮೊದಲನೇದು, ಕೋಟು ಮುಂದೆ ತೆರೆಯೋದೇ ಇಲ್ಲ. ಮುಂದಿರೋ ಗುಂಡಿಗಳೆಲ್ಲ ಬರೀ ಶೋಗೆ. ತೆರೆಯೋದು ಬೆನ್ನಲ್ಲಿ, ಮೂರು ಹುಕ್ಕು. ಯಾಕೆ? ನಮ್ಮ ರಾಜನ ಕೈಗಳು ಮೈಗೆ ಅಂಟಿದ ಹಾಗೆ ಒಂದೇ ಮರದಲ್ಲಿ ಕೆತ್ತಿರೋದು. ಅವನು ತೋಳು ಎತ್ತೋಕಾಗಲ್ಲ, ನಾವು ತೋಳು ತೂರಿಸೋಕೂ ಆಗಲ್ಲ. ಅದಕ್ಕೇ ಅಜ್ಜಿ ಮುಂಭಾಗ, ತೋಳು ಎಲ್ಲ ಸೇರಿಸಿ ಹೊಲಿದು, ಎದುರಿಂದ ಹೊದಿಸಿ ಹಿಂದೆ ಹುಕ್ಕು ಹಾಕಿದ್ದಾರೆ. ನಾನು ಯೂಟ್ಯೂಬ್ ನೋಡಿ ಹೊಲಿದಿದ್ದ ಮೊದಲ ಕೋಟು ಗೊಂಬೆಗೆ ಹತ್ತದೆ ಇದ್ದಿದ್ದು ಇದಕ್ಕೇ.

ಎರಡನೇದು, ಲೈನಿಂಗ್. ಹೊರಗೆ ಕಪ್ಪು ರೇಷ್ಮೆ, ಒಳಗೆ ನೀಲಿ ಚೌಕಳಿ ಹತ್ತಿ ಬಟ್ಟೆ. ಅಮ್ಮ ನೋಡಿದವಳೇ ನಕ್ಕಳು: “ಅಯ್ಯೋ, ಇದು ನನ್ನ ಮಿಡ್ಲ್ ಸ್ಕೂಲ್ ಯೂನಿಫಾರ್ಮ್ ಕಣೆ!” ನಾನು ಆ ಹೊಲಿಗೆ ಬಿಚ್ಚಿ ಹೊಸ ಲೈನಿಂಗ್ ಹಾಕಿದ್ದಿದ್ರೆ ಅದು ಕಸದ ಬುಟ್ಟಿಗೆ ಹೋಗ್ತಿತ್ತು.

ನೀವೂ ಹೊಲೀಬೇಕಾ? ಹೀಗೆ ಮಾಡಿ

ಅಳತೆ: ನಮ್ಮ ರಾಜ 12 ಇಂಚು. 5 ಅಡಿ 8 ಇಂಚಿನ ಮನುಷ್ಯ ಅಂದ್ರೆ 68 ಇಂಚು. 68ನ್ನ 12ರಿಂದ ಭಾಗಿಸಿದ್ರೆ ಸುಮಾರು 5.7. ಆ ಮನುಷ್ಯನ ಕೋಟು 42 ಇಂಚು ಉದ್ದ ಇದ್ರೆ ಗೊಂಬೆಗೆ ಸುಮಾರು ಏಳೂವರೆ ಇಂಚು.

ಬಟ್ಟೆ: ಅಳತೆ ಚಿಕ್ಕದಾಗುತ್ತೆ, ಬಟ್ಟೆಯ ದಪ್ಪ ಚಿಕ್ಕದಾಗಲ್ಲ. ವೆಲ್ವೆಟ್ ಹಾಕಿದ್ರೆ ರಾಜ ಸ್ವೆಟರ್ ಹಾಕ್ಕೊಂಡ ಹಾಗೆ ಕಾಣ್ತಾನೆ. ತೆಳು ರೇಷ್ಮೆ, ಒಳಗೆ ಹಳೇ ಮೆತ್ತಗಿನ ಹತ್ತಿ ಬಟ್ಟೆ ಸಾಕು.

ಕತ್ತರಿಸೋದು: ಮೊದಲು ನ್ಯೂಸ್ ಪೇಪರಲ್ಲಿ ಕತ್ತರಿಸಿ ಗೊಂಬೆ ಮೇಲೆ ಇಟ್ಟು ನೋಡಿ. ಸುತ್ತ ಕಾಲು ಇಂಚು ಮಾರ್ಜಿನ್ ಬಿಡಿ. ಕಚ್ಚಾ ಹೊಲಿಗೆ ಹಾಕಿ ಒಂದು ಸಲ ತೊಡಿಸಿ ನೋಡಿದ ಮೇಲೇ ಪಕ್ಕಾ ಹೊಲಿಗೆ. ತೋಳಿನ ತಿರುವಿಗೆ ಮೆಷಿನ್ ಬೇಡ, ಕೈ ಹೊಲಿಗೆಯೇ ಸರಿ.

ಪೇಟ: ಎರಡು ಇಂಚು ಅಗಲದ ಉದ್ದನೆ ಮಲ್ ಬಟ್ಟೆಯ ಪಟ್ಟಿ, ಒಂದು ಅಂಚಿಗೆ ಸಣ್ಣ ಜರಿ. ಗಂಜಿ ನೀರಲ್ಲಿ ಅದ್ದಿ ಹಿಂಡಿ, ಗೊಂಬೆ ತಲೆಯಷ್ಟೇ ದಪ್ಪದ ಕಾಗದದ ಉಂಡೆಗೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಸುತ್ತಿ ನೆರಳಲ್ಲಿ ಒಣಗಿಸಿ. ಸನ್ಮಾನಕ್ಕೆ ಹಾಕೋ ರೆಡಿಮೇಡ್ ಪೇಟ ನೋಡಿ ಅಭ್ಯಾಸ ಆಗಿರೋ ನಮಗೆ, ಪೇಟ ಅನ್ನೋದು ಟೋಪಿಯಲ್ಲ, ಸುತ್ತಿದ ಬಟ್ಟೆ ಅನ್ನೋದೇ ಮರೆತುಹೋಗಿದೆ.

ನಾನು ಬಿಕಾಂ ಓದಿದವಳು, ಲೆಕ್ಕ ಇಡದೆ ಇರೋಕಾಗಲ್ಲ. ರೇಷ್ಮೆ ಕಟ್ ಪೀಸ್ 140 ರೂಪಾಯಿ, ಮಲ್ ಬಟ್ಟೆ 60, ಜರಿ ಲೇಸು 90, ಹುಕ್ಕು-ನೂಲು 35. ಒಟ್ಟು 325. ಸಮಯ 19 ಗಂಟೆ. ಗಂಟೆಗೆ ನೂರು ರೂಪಾಯಿ ಕೂಲಿ ಹಿಡಿದ್ರೂ ಒಂದು ಕೋಟು, ಪೇಟಕ್ಕೆ 2,225 ರೂಪಾಯಿ. ಆ ರೇಟಿಗೆ ಯಾರೂ ಕೊಳ್ಳಲ್ಲ. ಅಜ್ಜಿಯ ಆ 19 ಗಂಟೆಗಳು ಯಾವ ಲೆಕ್ಕದ ಪುಸ್ತಕದಲ್ಲೂ ಬಂದಿಲ್ಲ.

ಆ ಹಳದಿ ಸೀರೆ

ಈಗ ರಾಣಿ ಸೀರೆ ವಿಷಯ. ಅಜ್ಜಿಗೆ 78 ವರ್ಷ, ಈಗ ಸೂಜಿಗೆ ನೂಲು ಪೋಣಿಸೋಕೆ ಕಣ್ಣು ಕಾಣಲ್ಲ. ಒದ್ದೆ ಬಟ್ಟೇನ ಕೈಯಲ್ಲಿ ಹಿಡಿದು ಮುಟ್ಟಿ ನೋಡಿದ್ರು. “ಇದು ನಮ್ಮಮ್ಮನ ಧಾರೆ ಸೀರೆ ಸೆರಗು ಕಣೆ ಪುಟ್ಟಿ” ಅಂದ್ರು. ಮಿಕ್ಕ ಸೀರೆ ಎಲ್ಲಿ ಅಂತ ಕೇಳಿದೆ. ಕಷ್ಟಕಾಲದಲ್ಲಿ ಜರಿಗೆ ಅಂತ ಕೊಟ್ಟುಬಿಟ್ರಂತೆ. ಹಳೇ ಜರಿಯಲ್ಲಿ ನಿಜವಾದ ಬೆಳ್ಳಿ ಇರುತ್ತೆ. ‘ಹಳೇ ಜರಿ ಸೀರೆ’ ಅಂತ ಕೂಗ್ಕೊಂಡು ಬರೋರು ತಗೊಂಡು ಹೋದದ್ದನ್ನ ಸುಟ್ಟು ಬೆಳ್ಳಿ ತೆಗೀತಾರೆ. ನೇಯ್ದದ್ದೆಲ್ಲ ಬೂದಿ. ಕೊಡೋ ಹೊತ್ತಲ್ಲಿ ಮುತ್ತಜ್ಜಿ ಸೆರಗಿನ ಒಂದು ತುಂಡು ಮಾತ್ರ ಕತ್ತರಿಸಿ ಇಟ್ಕೊಂಡು, ಗೊಂಬೆಗೆ ಉಡಿಸಿದ್ರು. ನಾನು ಸೋಪಿನ ನೀರಿಗೆ ಹಾಕಿದ್ದು ಅದನ್ನ.

ಅಜ್ಜಿ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಹಾಗಾಗಿ ನನ್ನ ಕಡೆಯಿಂದ ನಿಮಗೆ ಇಷ್ಟೇ. ಹಳೇ ಬಟ್ಟೆ ಸಿಕ್ಕಿದ್ರೆ ಒಗೀಬೇಡಿ, ಬಿಚ್ಚಬೇಡಿ, ಜರಿ ಕಪ್ಪಾಗಿದೆ ಅಂತ ಉಜ್ಜಬೇಡಿ. ಒಳಗೆ ಹೊರಗೆ ಎರಡೂ ಕಡೆ ಫೋಟೋ ತೆಗೀರಿ, ಅಳೀರಿ. ಯಾರು ಹೊಲಿದ್ರು, ಯಾವ ಬಟ್ಟೆಯಿಂದ ಅಂತ ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಆಮೇಲೆ ಹೊಸ ಬಟ್ಟೆಯಲ್ಲಿ ಹೊಸದು ಹೊಲೀರಿ.

ಈ ಸಲ ರಾಜನಿಗೆ ನಾನು ಹೊಲಿದ ಕೋಟು. ಅಜ್ಜಿಯ ಕೋಟು, ಬಣ್ಣ ಕದಡಿದ ಆ ಸೀರೆ, ಎರಡೂ ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿ ಟ್ರಂಕಲ್ಲಿವೆ, ಜೊತೆಗೆ ಒಂದು ಚೀಟಿ. ಯಾರ ಸೀರೆ, ಯಾರ ಯೂನಿಫಾರ್ಮ್ ಅಂತ ಅದರಲ್ಲಿ ಬರೆದಿದ್ದೀನಿ. ಒಗೆದು ಹಾಳು ಮಾಡಿದ್ದು ಯಾರು ಅಂತಲೂ ಬರೆದಿದ್ದೀನಿ.