ಬಾಟಲಿಯೊಳಗಿನ ಗಾಂಜಾ ಗಿಡ: ಏಲಕ್ಕಿ ಬೆಳೆದ ನಾಡಿಗೊಂದು ಪಾಠ

ಕೊಚ್ಚಿ: ಏಲಕ್ಕಿಯ ಮಾರಕ ರೋಗವೊಂದಕ್ಕೆ ವಿಜ್ಞಾನ ಲೋಕದಲ್ಲೂ ಕನ್ನಡದ ಹೆಸರೇ ಇದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಅದುವೇ ಕಟ್ಟೆ ರೋಗ. ಎಲೆಗಳಲ್ಲಿ ತಿಳಿಹಸಿರು ಗೆರೆ ಮೂಡಿಸಿ ಗಿಡವನ್ನು ಸೊರಗಿಸುವ ಈ ವೈರಸ್ ರೋಗಕ್ಕೆ ಔಷಧವಿಲ್ಲ. ರೋಗ ತಗುಲಿದ ಗಿಡವನ್ನು ಕಿತ್ತು ಹಾಕುವುದೊಂದೇ ದಾರಿ. ಗೊತ್ತಿಲ್ಲದೆ ಅದರ ಕಂದನ್ನು ತಂದು ನೆಟ್ಟರೆ ರೋಗವೂ ಜತೆಗೇ ಬರುತ್ತದೆ.

ಉತ್ತಮ ಏಲಕ್ಕಿ ತಳಿಗಳನ್ನು ಬಾಟಲಿಯಲ್ಲಿ ಬೆಳೆಸುವ ಕೆಲಸ ಆರಂಭವಾದದ್ದು ನಾವಿರುವ ಈ ಕೊಚ್ಚಿಯಲ್ಲೇ. ಎ.ವಿ. ಥಾಮಸ್ ಕಂಪನಿ 1987ರಲ್ಲಿ ಇಲ್ಲಿ ಸ್ಥಾಪಿಸಿದ ಪ್ರಯೋಗಾಲಯವು ಟಿಶ್ಯೂ ಕಲ್ಚರ್ ಅಂದರೆ ಅಂಗಾಂಶ ಕೃಷಿಯಲ್ಲಿ ದೇಶದ ಮೊದಲ ವಾಣಿಜ್ಯ ಪ್ರಯೋಗಾಲಯ ಎನಿಸಿತು. ಈಗ ಅದೇ ವಿದ್ಯೆಗೆ ಕೃತಕ ಬುದ್ಧಿಮತ್ತೆಯನ್ನು ಜೋಡಿಸಿ ವಿದೇಶಗಳಲ್ಲಿ ಗಾಂಜಾ ಗಿಡ ಬೆಳೆಸಲಾಗುತ್ತಿದೆ. ಬಯೋಟೆಕ್ನಾಲಜಿ ಓದುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಬರುವುದು ಸಹಜ. ಆದ್ದರಿಂದ ವಿಷಯವನ್ನು ಸರಿಯಾಗಿ ತಿಳಿದಿರುವುದು ಒಳ್ಳೆಯದು.

ಗಾಂಜಾಕ್ಕೆ ಬಾಟಲಿ ಏಕೆ?

ಗಾಂಜಾದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಔಷಧಕ್ಕೆ ಬೇಕಾದ ಅಂಶಗಳು ಹೆಚ್ಚಾಗಿ ಇರುವುದು ಹೆಣ್ಣು ಗಿಡದ ಹೂವಿನಲ್ಲಿ. ಬೀಜದಿಂದ ಬೆಳೆಸಿದರೆ ಒಂದು ಗಿಡದಂತೆ ಇನ್ನೊಂದಿರುವುದಿಲ್ಲ. ಔಷಧವೆಂದ ಮೇಲೆ ಪ್ರತಿ ಗಿಡದಲ್ಲೂ ಒಂದೇ ಪ್ರಮಾಣದ ಸತ್ವ ಇರಬೇಕಷ್ಟೆ. ಗಾಂಜಾದಿಂದ ಶುದ್ಧೀಕರಿಸಿದ ಕ್ಯಾನಬಿಡಿಯಾಲ್ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಮಕ್ಕಳ ತೀವ್ರ ಅಪಸ್ಮಾರದ ಚಿಕಿತ್ಸೆಗಾಗಿ ಅನುಮತಿ ದೊರೆತಿದೆ.

ಕೊಂಬೆ ಕತ್ತರಿಸಿ ನೆಟ್ಟರೆ ತಾಯಿ ಗಿಡದಂಥದೇ ಗಿಡ ಸಿಗುತ್ತದೆ ನಿಜ. ಆದರೆ ಏಲಕ್ಕಿಯ ಕಂದಿನಲ್ಲಿ ಕಟ್ಟೆ ಬಂದಂತೆ, ಗಾಂಜಾದ ತುಂಡಿನಲ್ಲಿ ಹಾಪ್ ಲೇಟೆಂಟ್ ವೈರಾಯ್ಡ್ ಎಂಬ ಸೋಂಕು ಬರುತ್ತದೆ. ಗಿಡದ ತುದಿಯ ಅತಿ ಸೂಕ್ಷ್ಮ ಭಾಗವನ್ನು ಮಾತ್ರ ತೆಗೆದು ಬಾಟಲಿಯಲ್ಲಿ ಬೆಳೆಸಿದರೆ ಸೋಂಕಿಲ್ಲದ ಸಸಿ ಪಡೆಯುವ ಸಾಧ್ಯತೆ ಹೆಚ್ಚು. ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ಹೇಮಂತ್ ಲತಾ, ಸುಮನ್ ಚಂದ್ರ ಮುಂತಾದವರ ತಂಡ 2009ರಲ್ಲೇ ಗಾಂಜಾವನ್ನು ಬಾಟಲಿಯಲ್ಲಿ ಬೆಳೆಸುವ ವಿಧಾನವೊಂದನ್ನು ಪ್ರಕಟಿಸಿತ್ತು.

ಕಂಪ್ಯೂಟರ್ ಮಾಡುವುದೇನು?

ಬಾಟಲಿಯ ಸಸಿಗೆ ಲವಣ, ಸಕ್ಕರೆ, ಹಾರ್ಮೋನು, ಬೆಳಕು ಎಲ್ಲವೂ ಹದವಾಗಿರಬೇಕು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮುರಾಶಿಗೆ-ಸ್ಕೂಗ್ ಮಿಶ್ರಣ 1962ರಲ್ಲಿ ತಂಬಾಕಿಗಾಗಿ ಸಿದ್ಧವಾದದ್ದು. ಗಾಂಜಾಕ್ಕೆ ಅದು ಅಷ್ಟಾಗಿ ಒಗ್ಗಲಿಲ್ಲ. ಅಕ್ರೋಟು ಗಿಡಕ್ಕಾಗಿ ತಯಾರಿಸಿದ ಮತ್ತೊಂದು ಮಿಶ್ರಣ ಹೆಚ್ಚು ಹಿಡಿಸಿತು ಎಂದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಎಲ್ಲ ಹದಗಳನ್ನೂ ಒಂದೊಂದಾಗಿ ಪರೀಕ್ಷಿಸಲು ವರ್ಷಗಳೇ ಬೇಕು. ಕೆಲವು ಪ್ರಯೋಗಗಳ ಫಲಿತಾಂಶ ಕೊಟ್ಟರೆ ಉಳಿದವುಗಳಲ್ಲಿ ಯಾವುದು ಉತ್ತಮ ಎಂದು ಕಂಪ್ಯೂಟರ್ ಅಂದಾಜಿಸುತ್ತದೆ. ಆ ಅಂದಾಜು ಸರಿಯೇ ಎಂದು ನೋಡಲು ಮತ್ತೆ ಬಾಟಲಿಗೇ ಬರಬೇಕು.

ಇಲ್ಲಿ ಕಾನೂನು ಬೇರೆ

ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯಿದೆ ಜಾರಿಯಲ್ಲಿದೆ. ಅದರ ಪ್ರಕಾರ ಆ ಕುಲದ ಯಾವುದೇ ಗಿಡ ಗಾಂಜಾ ಗಿಡವೇ. ಇಡುಕ್ಕಿಯ ಕಾಡಿನಲ್ಲಿ ಬೆಳೆಯಲಿ, ಕಾಕ್ಕನಾಡಿನ ಫ್ಲ್ಯಾಟಿನ ಕುಂಡದಲ್ಲಿ ಬೆಳೆಯಲಿ, ಪರವಾನಗಿ ಇಲ್ಲದೆ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಸಜೆ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 'ಪ್ರಯೋಗಕ್ಕಾಗಿ ಬೆಳೆಸಿದೆ' ಎಂಬ ಸಮಜಾಯಿಷಿ ನಡೆಯದು. ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆಯಲ್ಲಿ ಔಷಧಕ್ಕಾಗಿ ಗಾಂಜಾ ಸಂಶೋಧನೆ ನಡೆದಿದೆಯಾದರೂ ಅದು ಸರಕಾರದ ಅನುಮತಿ ಪಡೆದು ನಡೆದದ್ದು. 2021ರಲ್ಲಿ ಆಹಾರವಾಗಿ ಅಂಗೀಕಾರ ಸಿಕ್ಕಿದ್ದು ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟಿಗೆ ಮಾತ್ರ, ಗಿಡ ಬೆಳೆಸುವುದಕ್ಕಲ್ಲ.

ಆಸಕ್ತಿಯುಳ್ಳ ಮಕ್ಕಳನ್ನು ನಿರಾಶೆಗೊಳಿಸಬೇಕಾಗಿಲ್ಲ. ವಿದ್ಯೆಗೆ ಇಲ್ಲಿ ನಿಷೇಧವಿಲ್ಲ. ತಿರುವನಂತಪುರ ಜಿಲ್ಲೆಯ ಪಾಲೋಡಿನಲ್ಲಿ 1979ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಔಷಧೀಯ ಸಸ್ಯ ಹಾಗೂ ಆರ್ಕಿಡ್‌ಗಳನ್ನು ಈ ವಿಧಾನದಿಂದ ಬೆಳೆಸುತ್ತಿದೆ. ಕಳಕೂಟ್ಟದ ಕೃಷಿ ಇಲಾಖೆಯ ಕೇಂದ್ರದಲ್ಲಿ ಬಾಳೆ ಸಸಿಗಳು ಸಿದ್ಧವಾಗುತ್ತವೆ.

ಊರಿನ ತೋಟಕ್ಕೂ ಈ ವಿದ್ಯೆ ಬೇಕು. ಬಾಟಲಿಯಿಂದ ಬಂದ ಏಲಕ್ಕಿ ಸಸಿಗೂ ತೋಟದ ಹೇನು ಕಟ್ಟೆಯನ್ನು ಅಂಟಿಸಬಲ್ಲದು. ಆದ್ದರಿಂದಲೇ ಕೊಡಗಿನ ಅಪ್ಪಂಗಳದ ಸಂಶೋಧನಾ ಕೇಂದ್ರ ಕಟ್ಟೆಯನ್ನು ತಡೆದುಕೊಳ್ಳುವ 'ವಿಜೇತ' ತಳಿಯನ್ನು ನೀಡಿದೆ. ಹೊರನಾಡಿನಲ್ಲಿ ಕಂಪ್ಯೂಟರ್ ಕಲಿತ ನಮ್ಮ ಯುವಕ ಯುವತಿಯರು ಆ ಜಾಣ್ಮೆಯನ್ನು ಏಲಕ್ಕಿಗೆ, ಬಾಳೆಗೆ, ಕಾಳುಮೆಣಸಿಗೆ ತಿರುಗಿಸಿದರೆ ಊರಿನ ಬೆಳೆಗಾರ ಅವರನ್ನು ನೆನೆದಾನು. ಕೆಲಸಕ್ಕೆ ಪೊಲೀಸರ ಭಯವೂ ಇರದು.