ಗುಂಪಿಗೆ ಮದ್ದು: ಆಶ್ರಯಧಾಮದ ಪಶುವೈದ್ಯರ ಶಿಕ್ಷಣ

ತೊಟ್ಟಿಗೆ ನೀರು ತುಂಬುವ ಲೆಕ್ಕವನ್ನು ಶಾಲೆಯಲ್ಲಿ ಮಾಡದವರಿಲ್ಲ. ಒಂದು ಕೊಳಾಯಿಯಿಂದ ನೀರು ಒಳಕ್ಕೆ ಬರುತ್ತದೆ. ಇನ್ನೊಂದರಿಂದ ಹೊರಕ್ಕೆ ಹೋಗುತ್ತದೆ. ತೊಟ್ಟಿಯಲ್ಲಿ ಉಳಿಯುವ ನೀರೆಷ್ಟು? ಈ ಲೆಕ್ಕದಿಂದ ಬೇಸತ್ತ ವಿದ್ಯಾರ್ಥಿಗಳಿಗೆ, ಅದರ ಮೇಲೆ ಲಕ್ಷಾಂತರ ನಾಯಿಬೆಕ್ಕುಗಳ ಪ್ರಾಣ ನಿಂತಿದೆಯೆಂದರೆ ನಂಬಿಕೆಯಾಗಲಾರದು. ಭೌತವಿಜ್ಞಾನವನ್ನು ಬೋಧಿಸುವ ನಮಗೂ ಮೊದಲು ನಂಬಿಕೆಯಾಗಲಿಲ್ಲ. ಪಶುವೈದ್ಯಶಾಸ್ತ್ರದಲ್ಲಿ ಕಳೆದ ಕಾಲು ಶತಮಾನದಲ್ಲಿ ಹುಟ್ಟಿ ಬೆಳೆದ ಒಂದು ಶಾಖೆಯ ವಿಚಾರವನ್ನು ಓದಿದ ಮೇಲೆ ನಂಬಬೇಕಾಯಿತು. ಆಶ್ರಯಧಾಮ ವೈದ್ಯಕವೆಂಬ ಆ ಶಾಖೆಯನ್ನೂ ಅದರಲ್ಲಿ ವೈದ್ಯರನ್ನು ತರಬೇತುಗೊಳಿಸುವ ಕ್ರಮವನ್ನೂ ಇಲ್ಲಿ ಪರಿಚಯ ಮಾಡಿಕೊಡಲು ಯತ್ನಿಸುತ್ತೇವೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ, ಬೀದಿಯಲ್ಲಿ ಸಿಕ್ಕಿದ ನಾಯಿಬೆಕ್ಕುಗಳನ್ನೂ ಒಡೆಯರು ಸಾಕಲಾರದೆ ತಂದುಬಿಟ್ಟ ಪ್ರಾಣಿಗಳನ್ನೂ ಇಟ್ಟುಕೊಳ್ಳುವುದಕ್ಕೆ ಆಶ್ರಯಧಾಮಗಳಿವೆ. ಸಾಕುವ ಮನಸ್ಸುಳ್ಳವರು ಅಲ್ಲಿಗೆ ಬಂದು ತಮಗೆ ಒಪ್ಪಿದ ಪ್ರಾಣಿಯನ್ನು ಮನೆಗೆ ಒಯ್ಯುತ್ತಾರೆ. ಇಂಥ ಎರಡು ಆಶ್ರಯಧಾಮಗಳನ್ನು ಕಲ್ಪಿಸಿಕೊಳ್ಳೋಣ. ಎರಡಕ್ಕೂ ದಿನಕ್ಕೆ ೫ ಬೆಕ್ಕುಗಳು ಬರುತ್ತವೆ. ಎರಡರಿಂದಲೂ ದಿನಕ್ಕೆ ೫ ಬೆಕ್ಕುಗಳು ಹೊಸ ಮನೆಗಳಿಗೆ ಹೋಗುತ್ತವೆ. ಮೊದಲನೆಯದರಲ್ಲಿ ೧೦೦ ಬೆಕ್ಕುಗಳಿವೆ. ಎರಡನೆಯದರಲ್ಲಿ ೫೦ ಮಾತ್ರ. ಯಾವುದು ಹೆಚ್ಚು ಪ್ರಾಣಿಗಳಿಗೆ ಉಪಕಾರ ಮಾಡುತ್ತಿದೆ? ನೋಡಲು ಬಂದವರು ಮೊದಲನೆಯದನ್ನೇ ಹೊಗಳಿಯಾರು. ಆದರೆ ಲೆಕ್ಕದಲ್ಲಿ ಎರಡೂ ಸಮವಾಗಿವೆ. ಇರುವ ವ್ಯತ್ಯಾಸ ಒಂದೇ: ಮೊದಲನೆಯದರಲ್ಲಿ ಬೆಕ್ಕು ೨೦ ದಿನ ಕಾಯುತ್ತದೆ, ಎರಡನೆಯದರಲ್ಲಿ ೧೦ ದಿನ.

ಒಂದು ಸರಳ ಸೂತ್ರ

ಒಳಗಿರುವ ಪ್ರಾಣಿಗಳ ಸರಾಸರಿ ಸಂಖ್ಯೆಯು, ದಿನಕ್ಕೆ ಬರುವ ಪ್ರಾಣಿಗಳ ಸಂಖ್ಯೆಯನ್ನು ಅವು ಉಳಿಯುವ ಸರಾಸರಿ ದಿನಗಳಿಂದ ಗುಣಿಸಿದರೆ ದೊರೆಯುವ ಮೊತ್ತ. ಇಷ್ಟೇ ಸೂತ್ರ. ಅಂಗಡಿಯ ಮುಂದಿನ ಸಾಲಿಗೂ ಆಸ್ಪತ್ರೆಯ ಹಾಸಿಗೆಗಳಿಗೂ ಇದೇ ಅನ್ವಯಿಸುತ್ತದೆ. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸನು ೧೯೬೧ರಲ್ಲಿ ಇದರ ಸಾಧನೆಯನ್ನು ಪ್ರಕಟಿಸಿದುದರಿಂದ ಇದಕ್ಕೆ ಲಿಟಲ್ ನಿಯಮವೆಂದು ಹೆಸರು ಬಂದಿದೆ. ಒಳಬರುವ ಪ್ರಾಣಿಗಳ ಸಂಖ್ಯೆ ಆಶ್ರಯಧಾಮದವರ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಉಳಿಯುವ ದಿನಗಳು ಮಾತ್ರ ಬಹುಮಟ್ಟಿಗೆ ಅವರ ಕೈಯಲ್ಲಿವೆ. ಆದುದರಿಂದ ವೈದ್ಯನ ದೃಷ್ಟಿ ಮೊದಲು ಹರಿಯಬೇಕಾದುದು ಅದರ ಮೇಲೆ.

ಇದರಲ್ಲಿ ವೈದ್ಯನಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ದಿನಗಳನ್ನು ಹೆಚ್ಚಿಸುವ ಕಾರಣಗಳಲ್ಲಿ ಮುಖ್ಯವಾದುದು ರೋಗ. ರೋಗವನ್ನು ಹೆಚ್ಚಿಸುವ ಕಾರಣಗಳಲ್ಲಿ ಮುಖ್ಯವಾದುದು ಒತ್ತೊತ್ತಾದ ವಾಸ. ಹೀಗೆ ಒಂದು ಸುಳಿಯೇ ಏರ್ಪಡುತ್ತದೆ.

ನೆಗಡಿಯ ಸುಳಿ

ಬೆಕ್ಕುಗಳಿಗೆ ಬರುವ ನೆಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದನ್ನುಂಟುಮಾಡುವ ವೈರಸ್‌ಗಳಲ್ಲಿ ಹರ್ಪಿಸ್ ಜಾತಿಯದೊಂದು ಬಹು ಸಾಮಾನ್ಯ. ಒಮ್ಮೆ ರೋಗ ಬಂದು ವಾಸಿಯಾದ ಬೆಕ್ಕಿನ ಮೈಯಿಂದ ಈ ವೈರಸ್ ತೊಲಗುವುದಿಲ್ಲ. ಮುಖದ ನರಗಳ ಬುಡದಲ್ಲಿರುವ ಗಂಟುಗಳಲ್ಲಿ ಅಡಗಿ ಮಲಗಿರುತ್ತದೆ. ಬೆಕ್ಕಿಗೆ ಭಯವೋ ಆಯಾಸವೋ ಉಂಟಾದರೆ, ಕೆಲವು ದಿನಗಳ ತರುವಾಯ ಅದು ಎಚ್ಚೆತ್ತು ಮೂಗು ಕಣ್ಣುಗಳ ಮೂಲಕ ಹೊರಬೀಳುತ್ತದೆ. ಹೊಸ ಸ್ಥಳ, ನಾಯಿಗಳ ಬೊಗಳಾಟ, ಎರಡಡಿ ಅಗಲದ ಉಕ್ಕಿನ ಗೂಡು, ಊಟದ ಪಕ್ಕದಲ್ಲೇ ಮಲದ ತಟ್ಟೆ: ಬೆಕ್ಕನ್ನು ಹೆದರಿಸಲು ಇಷ್ಟು ಸಾಲದೇ?

ಹೀಗೆ ಕಾಯಿಲೆ ಬಿದ್ದ ಬೆಕ್ಕನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಅದು ಗುಣವಾಗುವವರೆಗೆ ಒಳಗೇ ಉಳಿಯಬೇಕು. ಅಷ್ಟರಲ್ಲಿ ಹೊಸ ಬೆಕ್ಕುಗಳು ಬರುತ್ತಲೇ ಇರುತ್ತವೆ. ಸಂಖ್ಯೆ ಏರುತ್ತದೆ, ಕೆಲಸಗಾರರಿಗೆ ಬಿಡುವು ಸಾಲದು, ಗದ್ದಲ ಹೆಚ್ಚುತ್ತದೆ, ಇನ್ನಷ್ಟು ಬೆಕ್ಕುಗಳು ಕಾಯಿಲೆ ಬೀಳುತ್ತವೆ. ಒಂದೊಂದು ಬೆಕ್ಕಿಗೂ ಒಳ್ಳೆಯ ಔಷಧ ಕೊಡುತ್ತ ಕುಳಿತ ವೈದ್ಯನು ತೂತಿನ ಕೊಡಕ್ಕೆ ನೀರು ಹೊತ್ತಂತೆ ದಣಿಯುತ್ತಾನೆ. ಅವನ ವಿದ್ಯೆಯಲ್ಲಿ ದೋಷವಿಲ್ಲ. ಆದರೆ ಆ ವಿದ್ಯೆ ಒಂದು ಮನೆಯ ಒಂದು ಪ್ರಾಣಿಯನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡದ್ದು. ಇಲ್ಲಿ ರೋಗಿಯೆಂದರೆ ಒಂದು ಬೆಕ್ಕಲ್ಲ, ಇಡೀ ಕಟ್ಟಡ.

ಹೊಸ ವಿದ್ಯೆಯ ಮೊದಲ ಗುರುಗಳು

ಬಹುಕಾಲ ಈ ಸುಳಿಗೆ ಒಂದೇ ಪರಿಹಾರವಿತ್ತು. ಗೂಡುಗಳು ತುಂಬಿದಾಗ ಪ್ರಾಣಿಗಳನ್ನು ನೋವಿಲ್ಲದಂತೆ ಕೊಲ್ಲುವುದೇ ಆ ಪರಿಹಾರ. ೧೯೭೦ರ ದಶಕದಲ್ಲಿ ಆ ದೇಶದ ಆಶ್ರಯಧಾಮಗಳಲ್ಲಿ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ನಾಯಿಬೆಕ್ಕುಗಳು ಹೀಗೆ ಸಾಯುತ್ತಿದ್ದುವೆಂದು ಅಂದಾಜು. ಅಂಥ ಕಾಲದಲ್ಲಿ, ೧೯೭೭ರಲ್ಲಿ, ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಪಶುವೈದ್ಯ ಪದವಿಯನ್ನು ಪಡೆದ ಲೀಲಾ ಮಿಲ್ಲರ್ ಎಂಬ ಮಹಿಳೆ, ನ್ಯೂಯಾರ್ಕಿನ ಪ್ರಾಣಿದಯಾ ಸಂಘದಲ್ಲಿ ಕೆಲಸಕ್ಕೆ ಸೇರಿದರು. ಕಾಲೇಜಿನಲ್ಲಿ ಕಲಿಸದ ಪಾಠಗಳನ್ನು ಅವರು ಅಲ್ಲಿ ಕಲಿಯಬೇಕಾಯಿತು. ೧೯೯೯ರಲ್ಲಿ ಕಾರ್ನೆಲ್‌ನಲ್ಲೇ ಆಶ್ರಯಧಾಮ ವೈದ್ಯಕದ ಮೊದಲ ಪಾಠಕ್ರಮ ಆರಂಭವಾದಾಗ ಅದನ್ನು ನಡೆಸಿದವರಲ್ಲಿ ಅವರೂ ಒಬ್ಬರು. ೨೦೦೪ರಲ್ಲಿ ಪ್ರಕಟವಾದ ಈ ವಿಷಯದ ಪಠ್ಯಪುಸ್ತಕಕ್ಕೂ ಅವರು ಸಂಪಾದಕರಾದರು.

ಇತ್ತ ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ೨೦೦೧ರಲ್ಲಿ, ಪದವೀಧರ ವೈದ್ಯರಿಗೆ ಇದೇ ವಿಷಯದಲ್ಲಿ ರೆಸಿಡೆನ್ಸಿ ಎಂಬ ವಿಶೇಷ ತರಬೇತಿ ಮೊದಲಾಯಿತು. ಅದಕ್ಕೆ ಸೇರಿದ ಮೊದಲ ವಿದ್ಯಾರ್ಥಿನಿ ಕೇಟ್ ಹರ್ಲಿ. ಇವರು ವೈದ್ಯವಿದ್ಯೆಗೆ ಬರುವ ಮೊದಲು ಪ್ರಾಣಿ ನಿಯಂತ್ರಣದ ಅಧಿಕಾರಿಯಾಗಿ ಕೆಲಸ ಮಾಡಿದ್ದವರು. ಆಶ್ರಯಧಾಮದ ಹಿಂಬಾಗಿಲನ್ನು ಕಣ್ಣಾರೆ ಕಂಡವರು. ಶಿಷ್ಯೆಯಾಗಿ ಬಂದವರೇ ಮುಂದೆ ಆ ಕಾರ್ಯಕ್ರಮದ ನಿರ್ದೇಶಕಿಯಾಗಿ, ತಾವು ಕಲಿತ ದಾರಿಯಲ್ಲಿ ಇತರರನ್ನು ಕರೆದೊಯ್ದರು. ಅದೇ ೨೦೦೧ರಲ್ಲಿ ಆಶ್ರಯಧಾಮ ವೈದ್ಯರ ಸಂಘವೂ ಸ್ಥಾಪನೆಯಾಯಿತು. ಆ ಸಂಘ ೨೦೧೦ರಲ್ಲಿ ಆಶ್ರಯಧಾಮಗಳು ಪಾಲಿಸಬೇಕಾದ ಮಟ್ಟಗಳನ್ನು ಪ್ರಕಟಿಸಿತು. ೨೦೨೨ರಲ್ಲಿ ಅದನ್ನು ಪರಿಷ್ಕರಿಸಿತು. ೨೦೧೪ರಲ್ಲಿ ಈ ಶಾಖೆಗೆ ತಜ್ಞವಿಷಯವೆಂಬ ಮನ್ನಣೆ ದೊರೆಯಿತು.

ವಿದ್ಯಾರ್ಥಿ ಕಲಿಯುವುದೇನು?

ಮೊದಲ ಪಾಠ, ನಡೆಯುವುದು ಮತ್ತು ಎಣಿಸುವುದು. ಪ್ರತಿದಿನ ಒಂದೊಂದು ಗೂಡಿನ ಮುಂದೆಯೂ ನಿಂತು, 'ಈ ಪ್ರಾಣಿ ಯಾವುದಕ್ಕಾಗಿ ಕಾಯುತ್ತಿದೆ?' ಎಂದು ಕೇಳಬೇಕು. ಪರೀಕ್ಷೆಗೋ, ಶಸ್ತ್ರಚಿಕಿತ್ಸೆಗೋ, ಬರಿಯ ಒಂದು ಸಹಿಗೋ? ನಾಳೆ ಮಾಡಬಹುದಾದುದನ್ನು ಇಂದೇ ಮಾಡಿದರೆ ಒಂದು ದಿನ ಉಳಿಯಿತು. ಇಂಥ ಒಂದು ದಿನವನ್ನು ವರ್ಷದ ಸಾವಿರ ಪ್ರಾಣಿಗಳಿಂದ ಗುಣಿಸಿ ನೋಡಬೇಕು.

ಎರಡನೆಯದು ಲಸಿಕೆಯ ಪಾಠ. ಮನೆಯಲ್ಲಿ ಸಾಕಿದ ನಾಯಿಮರಿಗೆ ಸಾಮಾನ್ಯವಾಗಿ ೩-೪ ವಾರಗಳಿಗೊಮ್ಮೆ, ೧೬ ವಾರ ತುಂಬುವವರೆಗೆ ಲಸಿಕೆ ಹಾಕುತ್ತಾರೆ. ಆಶ್ರಯಧಾಮದಲ್ಲಿ ೪ ವಾರದ ಮರಿಗೇ ಆರಂಭಿಸಿ, ೨ ವಾರಗಳಿಗೊಮ್ಮೆ, ೨೦ ವಾರಗಳವರೆಗೆ ಹಾಕಬೇಕಾಗುತ್ತದೆ. ಕಾರಣವಿಷ್ಟೆ: ತಾಯಿಯಿಂದ ಬಂದ ರಕ್ಷಣೆ ಮರಿಯಲ್ಲಿ ಉಳಿದಿರುವಾಗ ಲಸಿಕೆ ಹತ್ತುವುದಿಲ್ಲ, ಆ ರಕ್ಷಣೆ ಯಾವ ದಿನ ಮುಗಿಯುವುದೆಂದು ಹೊರಗಿನಿಂದ ತಿಳಿಯದು. ಆ ದಿನಕ್ಕೂ ಮುಂದಿನ ಲಸಿಕೆಗೂ ನಡುವೆ ಇರುವ ಕಿಂಡಿಯಲ್ಲಿ ಪಾರ್ವೊ ವೈರಸ್ ನುಸುಳುತ್ತದೆ. ೧೯೭೮ರಲ್ಲಿ ಜಗತ್ತಿಗೆ ಪರಿಚಯವಾದ ಈ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಬದುಕಬಲ್ಲುದು. ಸ್ಪಿರಿಟ್ಟಿನಿಂದ ಕೈ ಒರಸಿಕೊಂಡರೆ ಸಾಯದು. ಬ್ಲೀಚಿಂಗ್ ದ್ರಾವಣದಂಥದು ಬೇಕು. ಆದುದರಿಂದ ಒಳಗೆ ಬಂದ ಗಳಿಗೆಯಲ್ಲೇ, ದಾಖಲೆ ಬರೆಯುವ ಮೇಜಿನ ಬಳಿಯೇ, ಲಸಿಕೆ. ತೊಳೆಯುವ ಕೆಲಸಕ್ಕೂ ಒಂದು ಕ್ರಮವುಂಟು: ಮೊದಲು ಆರೋಗ್ಯವಾಗಿರುವ ಮರಿಗಳ ಕೋಣೆ, ಕೊನೆಗೆ ರೋಗಿಗಳದು.

ಮೂರನೆಯದು ವಸತಿಯ ಪಾಠ. ನಮಗೆ ಎಲ್ಲಕ್ಕಿಂತ ಹೆಚ್ಚು ರುಚಿಸಿದುದು ಇದು. ಅಕ್ಕಪಕ್ಕದ ಎರಡು ಗೂಡುಗಳ ನಡುಗೋಡೆಗೆ ದುಂಡನೆಯ ಕಿಂಡಿಯೊಂದನ್ನು ಕೊರೆದು ಎರಡನ್ನೂ ಒಂದೇ ಬೆಕ್ಕಿಗೆ ಬಿಟ್ಟುಕೊಡುತ್ತಾರೆ. ಒಂದು ಕಡೆ ಊಟ, ನಿದ್ರೆ; ಇನ್ನೊಂದು ಕಡೆ ಮಲದ ತಟ್ಟೆ. ಒಂದನ್ನು ತೊಳೆಯುವಾಗ ಬೆಕ್ಕು ಇನ್ನೊಂದರಲ್ಲಿ ನೆಮ್ಮದಿಯಾಗಿರುತ್ತದೆ. ಯಾರೂ ಅದನ್ನು ಹಿಡಿದೆಳೆಯಬೇಕಾಗಿಲ್ಲ. ಉತ್ತರ ಅಮೆರಿಕದ ೯ ಆಶ್ರಯಧಾಮಗಳಲ್ಲಿ ನಡೆಸಿ ೨೦೧೮ರಲ್ಲಿ ಹರ್ಲಿಯವರೂ ಸಂಗಡಿಗರೂ ಪ್ರಕಟಿಸಿದ ಅಧ್ಯಯನದಲ್ಲಿ, ೮ ಚದರಡಿಗಿಂತ ಹೆಚ್ಚು ನೆಲವಿದ್ದ ಗೂಡುಗಳಿಗೂ ಮೊದಲ ವಾರದಲ್ಲಿ ಬೆಕ್ಕನ್ನು ಅತ್ತಿತ್ತ ಕದಲಿಸದಿರುವುದಕ್ಕೂ ನೆಗಡಿ ಕಡಮೆಯಾಗುವುದಕ್ಕೂ ಸಂಬಂಧ ಕಂಡುಬಂದಿತು.

'ಗೂಡುಗಳು ಅರ್ಧವಾದುವಲ್ಲ, ಉಳಿದ ಬೆಕ್ಕುಗಳ ಗತಿಯೇನು?' ಎಂದು ಆಶ್ರಯಧಾಮದವರು ಗಾಬರಿಗೊಳ್ಳುವುದು ಸಹಜ. ನಮ್ಮ ಮೊದಲ ಲೆಕ್ಕವೇ ಇದಕ್ಕೆ ಉತ್ತರ. ನೆಗಡಿ ಕಡಮೆಯಾಗಿ ೨೦ ದಿನದ ವಾಸ ೧೦ ದಿನಕ್ಕೆ ಇಳಿದರೆ, ೫೦ ಗೂಡುಗಳೇ ೧೦೦ರ ಕೆಲಸವನ್ನು ಮಾಡುತ್ತವೆ.

ಮೂರನೆಯ ಬಾಗಿಲು

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೂತ್ರಕ್ಕೆ ಕಣ್ಣಿಲ್ಲ. ಪ್ರಾಣಿಯು ಮುಂಬಾಗಿಲಿನಿಂದ ಹೊಸ ಮನೆಗೆ ಹೋಯಿತೋ, ಪಕ್ಕದ ಬಾಗಿಲಿನಿಂದ ಹಳೆಯ ಒಡೆಯನ ಬಳಿಗೆ ಮರಳಿತೋ, ಹಿಂದಿನ ಮೂರನೆಯ ಬಾಗಿಲಿನಿಂದ ಹೆಣವಾಗಿ ಹೊರಟಿತೋ ಎಂಬುದು ಅದಕ್ಕೆ ತಿಳಿಯದು. ಮೂರರಲ್ಲಿಯೂ ದಿನಗಳು ಕಡಮೆಯಾಗುತ್ತವೆ. ವಾಸಿಯಾಗದ ನೋವಿನಿಂದ ನರಳುವ ಪ್ರಾಣಿಗೆ ದಯಾಮರಣ ಕೊಡುವುದು ಬೇರೆಯ ಮಾತು. ಜಾಗವಿಲ್ಲವೆಂದು ಆರೋಗ್ಯವಾಗಿರುವ ಪ್ರಾಣಿಯನ್ನು ಕೊಲ್ಲುವುದು ಬೇರೆಯ ಮಾತು. ಆ ಮೂರನೆಯ ಬಾಗಿಲನ್ನು ತೆರೆಯುವ ಕೈ ಬಹುವೇಳೆ ವೈದ್ಯನದೇ ಆಗಿತ್ತೆಂಬುದನ್ನು ಮರೆಯಬಾರದು. ಜೀವ ಉಳಿಸಲೆಂದು ವಿದ್ಯೆ ಕಲಿತವನಿಗೆ ಇದಕ್ಕಿಂತ ದೊಡ್ಡ ಸಂಕಟವೇನಿದ್ದೀತು?

ಆದುದರಿಂದಲೇ ಈ ತರಬೇತಿಯಲ್ಲಿ ಆಶ್ರಯಧಾಮದ ಹೊರಗಿನ ಉಪಾಯಗಳಿಗೂ ಸ್ಥಾನವಿದೆ: ಬೀದಿಬೆಕ್ಕುಗಳಿಗೆ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿ ಅದೇ ಬೀದಿಗೆ ಬಿಡುವುದು, ಒಡೆಯರಿಗೆ ನೆರವಿತ್ತು ಪ್ರಾಣಿ ಮನೆಯಲ್ಲೇ ಉಳಿಯುವಂತೆ ನೋಡಿಕೊಳ್ಳುವುದು, ತಂದುಬಿಡುವವರಿಗೆ ಮುಂಚಿತವಾಗಿ ದಿನ ಗೊತ್ತುಪಡಿಸುವುದು. ೨೦೧೪ರಲ್ಲಿ ಹರ್ಲಿಯವರೂ ಫ್ಲಾರಿಡ ವಿಶ್ವವಿದ್ಯಾನಿಲಯದ ಜೂಲಿ ಲೆವಿಯವರೂ ಕೂಡಿ, ಐದು ವರ್ಷಗಳಲ್ಲಿ ಹತ್ತು ಲಕ್ಷ ಬೆಕ್ಕುಗಳ ಪ್ರಾಣವನ್ನು ಉಳಿಸುವ ಗುರಿಯಿಂದ ಆರಂಭಿಸಿದ ಆಂದೋಲನಕ್ಕೆ ಇವೇ ಆಧಾರ. ೨೦೨೪ರಲ್ಲಿ ಆ ದೇಶದ ಆಶ್ರಯಧಾಮಗಳಲ್ಲಿ ಕೊಲ್ಲಲ್ಪಟ್ಟ ನಾಯಿಬೆಕ್ಕುಗಳು ಸುಮಾರು ೬ ಲಕ್ಷವೆಂದು ಅಂದಾಜು. ಕೋಟಿಯಿಂದ ಲಕ್ಷಕ್ಕೆ ಇಳಿದ ಕೀರ್ತಿಯೆಲ್ಲ ಈ ಒಂದು ಶಾಖೆಗೆ ಸಲ್ಲದು; ಸಂತಾನಶಕ್ತಿಹರಣ ಚಿಕಿತ್ಸೆಯ ಪ್ರಚಾರವೂ ಜನರ ಮನೋಭಾವದ ಬದಲಾವಣೆಯೂ ಅದಕ್ಕೆ ಬಹಳ ಹಿಂದಿನಿಂದಲೇ ದಾರಿಮಾಡಿದ್ದುವು. ಆದರೂ ಉಳಿದ ೬ ಲಕ್ಷವೂ ಸಣ್ಣ ಸಂಖ್ಯೆಯಲ್ಲ.

ನಮ್ಮ ದೇಶದ ಲೆಕ್ಕ

ನಮ್ಮಲ್ಲಿ ಬೀದಿನಾಯಿಗಳ ಕ್ರಮ ಬೇರೆಯಾಗಿ ಬೆಳೆಯಿತು. ೨೦೦೧ರ ನಿಯಮಗಳ ಪ್ರಕಾರವೂ ಅವುಗಳ ಸ್ಥಾನದಲ್ಲಿ ಬಂದ ೨೦೨೩ರ ನಿಯಮಗಳ ಪ್ರಕಾರವೂ, ನಾಯಿಗಳಿಗೆ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲೇ ಬಿಡುವುದು ಪದ್ಧತಿ. ವಾಸ ಕೆಲವೇ ದಿನಗಳದಾದುದರಿಂದ ಇಲ್ಲಿನ ತರಬೇತಿಯೂ ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ಸುತ್ತ ಬೆಳೆದಿದೆ. ನಮ್ಮ ನೆರೆಯ ಊಟಿಯಲ್ಲಿ ಪಶುವೈದ್ಯರಿಗೆ ಈ ಶಸ್ತ್ರಚಿಕಿತ್ಸೆಯನ್ನು ಕಲಿಸುವ ಅಂತರರಾಷ್ಟ್ರೀಯ ಕೇಂದ್ರವೊಂದಿದೆ.

೨೦೨೫ರ ನವೆಂಬರ್ ೭ರಂದು ಸರ್ವೋಚ್ಚ ನ್ಯಾಯಾಲಯವು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ ಮುಂತಾದ ಆವರಣಗಳ ನಾಯಿಗಳನ್ನು ಆಶ್ರಯಧಾಮಗಳಿಗೆ ಸಾಗಿಸಬೇಕೆಂದೂ ಹಿಡಿದ ಸ್ಥಳಕ್ಕೆ ಮತ್ತೆ ಬಿಡಕೂಡದೆಂದೂ ಆದೇಶಿಸಿತು. ಆ ಆದೇಶದ ಸರಿತಪ್ಪುಗಳ ಚರ್ಚೆ ಈ ಲೇಖನದ ವಿಷಯವಲ್ಲ. ಅದರ ಲೆಕ್ಕವನ್ನು ಮಾತ್ರ ನೋಡೋಣ. ಒಂದು ಆಶ್ರಯಧಾಮಕ್ಕೆ ದಿನಕ್ಕೆ ಒಂದೇ ನಾಯಿ ಬರುತ್ತದೆ. ಸಾಕುವವರು ಯಾರೂ ದೊರೆಯದೆ ಅದು ಅಲ್ಲೇ ಸರಾಸರಿ ೧೦ ವರ್ಷ ಬದುಕುತ್ತದೆ ಎನ್ನೋಣ. ೩೬೫ನ್ನು ೧೦ರಿಂದ ಗುಣಿಸಿದರೆ ೩,೬೫೦. ದಿನಕ್ಕೆ ಒಂದು ನಾಯಿಗಾಗಿ ಅಷ್ಟು ಸ್ಥಳ, ಅಷ್ಟು ಅನ್ನ, ಅಷ್ಟು ಲಸಿಕೆ ಬೇಕು. ಅದಕ್ಕಿಂತ ಚಿಕ್ಕದಾದ ಕಟ್ಟಡದಲ್ಲಿ ಅವನ್ನು ತುಂಬಿದರೆ ಏನಾಗುವುದೆಂಬುದನ್ನು ನೆಗಡಿಯ ಸುಳಿ ನಮಗೆ ಆಗಲೇ ಹೇಳಿದೆ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಹೆಬ್ಬಾಳದ ಅಥವಾ ಬೀದರಿನ ಪಶುವೈದ್ಯ ಕಾಲೇಜಿಗೆ ಸೇರಬಹುದು. ದನಕರುಗಳ ರೋಗವನ್ನೂ ಕೋಳಿಗಳ ರೋಗವನ್ನೂ ಅಲ್ಲಿ ಕಲಿಯುವರು. ಗುಂಪನ್ನೇ ರೋಗಿಯೆಂದು ಭಾವಿಸಿ ನಾಡಿ ಹಿಡಿಯುವ ಈ ವಿದ್ಯೆಯನ್ನೂ ಅವರು ಅರಸಿ ಕಲಿಯಲಿ ಎಂಬುದು ನಮ್ಮ ಆಶೆ. ಅದಕ್ಕೆ ಮೊದಲ ಪಾಠ ತೊಟ್ಟಿಯ ಲೆಕ್ಕದಲ್ಲಿಯೇ ಇದೆ. ಅದನ್ನು ಅವರು ಆಗಲೇ ಕಲಿತಿದ್ದಾರೆ.